ಕರ್ಪೂರ ಮೂಸಿದರೆ ಲಡಾಖ್‌ನಲ್ಲಿ ಉಸಿರಾಟ ಸಲೀಸಾಗುತ್ತದೆಯೇ?

ಬೇಸಿಗೆ ರಜೆ ಹತ್ತಿರ ಬರುತ್ತಿದ್ದಂತೆ ವಾಟ್ಸ್‌ಆ್ಯಪ್‌ ಗುಂಪುಗಳಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. ಲಡಾಖ್‌ಗೆ ಬೈಕಿನಲ್ಲಿ ಹೊರಟವರಿಗೂ, ಕೇದಾರನಾಥಕ್ಕೆ ಹೊರಟವರಿಗೂ, ಬೆನ್ನಿಗೆ ಚೀಲ ಏರಿಸಿ ಹಿಮಾಲಯದ ಚಾರಣಕ್ಕೆ ಹೊರಟವರಿಗೂ ಅದೇ ಪಟ್ಟಿ. ಜೇಬಿನಲ್ಲಿ ಕರ್ಪೂರ ಇಟ್ಟುಕೊಳ್ಳಿ, ಉಸಿರು ಕಟ್ಟಿದಾಗ ಮೂಸಿ. ಬೆಳ್ಳುಳ್ಳಿ ಸೂಪ್ ಕುಡಿಯಿರಿ. ದಿನಕ್ಕೆ ಐದಾರು ಲೀಟರ್ ನೀರು ಕುಡಿಯಿರಿ. ಆಕ್ಸಿಜನ್ ಕ್ಯಾನ್ ಮರೆಯಬೇಡಿ. ಚಳಿಗೆ ಒಂದು ಪೆಗ್ ರಮ್ ಸಾಕು. ಜಿಮ್‌ಗೆ ಹೋಗುವವರು, ಓಡುವವರು ಹೆದರಬೇಕಿಲ್ಲ.

ಇದರಲ್ಲಿ ಕೆಲವು ನಿರುಪದ್ರವಿ, ಕೆಲವು ಹಣ ದಂಡ, ಒಂದೆರಡಂತೂ ಪ್ರಾಣಕ್ಕೇ ಅಪಾಯ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ಹೇಳುವ ಮೊದಲು ಒಂದು ಮೂಲ ಪ್ರಶ್ನೆಯನ್ನು ನೋಡಿಬಿಡೋಣ. ಎತ್ತರಕ್ಕೆ ಹೋದಾಗ ನಮ್ಮ ಸುತ್ತಲಿನ ಗಾಳಿಗೆ ಏನಾಗುತ್ತದೆ?

ಮೇಲೆ ಆಮ್ಲಜನಕವೇ ಕಡಿಮೆಯೇ?

"ಅಲ್ಲಿ ಗಾಳಿಯಲ್ಲಿ ಆಕ್ಸಿಜನ್ ಪರ್ಸೆಂಟ್ ಕಡಿಮೆ" ಎಂದು ಹೇಳುವವರು ಬಹಳ. ಇದು ನಿಜವಲ್ಲ. ಮಂಗಳೂರಿನ ಕಡಲ ತೀರದಲ್ಲಿ ಗಾಳಿಯ ಸುಮಾರು ಶೇ. 21 ಭಾಗ ಆಮ್ಲಜನಕ. ಎವರೆಸ್ಟ್ ತುದಿಯಲ್ಲೂ ಶೇ. 21. ಬದಲಾಗುವುದು ಗಾಳಿಯ ಒತ್ತಡ.

ಹತ್ತಿಯ ಹಾಸಿಗೆಗಳನ್ನು ಒಂದರ ಮೇಲೊಂದು ಚಾವಣಿಯವರೆಗೆ ಪೇರಿಸಿಟ್ಟಿದ್ದಾರೆ ಎಂದುಕೊಳ್ಳಿ. ತಳದ ಹಾಸಿಗೆಯ ಮೇಲೆ ಉಳಿದೆಲ್ಲದರ ಭಾರ ಬಿದ್ದು ಅದರ ಹತ್ತಿ ಒತ್ತಾಗಿ ಕೂತಿರುತ್ತದೆ. ಮೇಲಿನ ಹಾಸಿಗೆ ಉಬ್ಬಿಕೊಂಡಿರುತ್ತದೆ. ಎರಡರಿಂದಲೂ ಒಂದೊಂದು ಮುಷ್ಟಿ ಕಿತ್ತರೆ ಕೆಳಗಿನದರಲ್ಲಿ ಹೆಚ್ಚು ಹತ್ತಿ ಸಿಗುತ್ತದೆ, ಮೇಲಿನದರಲ್ಲಿ ಕಡಿಮೆ. ಗಾಳಿಯೂ ಹೀಗೆಯೇ. ನಮ್ಮ ಎದೆ ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿಯ ಗಾತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಆದರೆ ಎತ್ತರದಲ್ಲಿ ಅದೇ ಗಾತ್ರದೊಳಗೆ ಇರುವ ಆಮ್ಲಜನಕದ ಅಣುಗಳು ಕಡಿಮೆ.

ಇದನ್ನು ಮೊದಲು ಅಳೆದು ತೋರಿಸಿದ್ದು 1648ರಲ್ಲಿ, ಫ್ರಾನ್ಸಿನಲ್ಲಿ. ಗಣಿತಜ್ಞ ಬ್ಲೇಸ್ ಪಾಸ್ಕಲ್ ತನ್ನ ಭಾವ ಫ್ಲೋರಾಂ ಪೆರಿಯೇಗೆ ಪಾದರಸದ ಕೊಳವೆ ಹೊತ್ತುಕೊಂಡು ಪುಯ್ ದ ಡೋಮ್ ಎಂಬ ಬೆಟ್ಟ ಹತ್ತಲು ಹೇಳಿದ. (ಪಾಸ್ಕಲ್ ತಾನೇ ಹತ್ತಲಿಲ್ಲ. ಅವನ ಆರೋಗ್ಯ ಸರಿಯಿರಲಿಲ್ಲ.) ಪೆರಿಯೇ ಮೇಲೇರಿದಂತೆ ಕೊಳವೆಯ ಪಾದರಸ ಇಳಿಯುತ್ತ ಹೋಯಿತು. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ ಎನ್ನುವುದು ಖಾತ್ರಿಯಾಯಿತು.

ನಮಗೆ ಪರಿಚಯದ ಜಾಗಗಳಲ್ಲಿ ಲೆಕ್ಕ ಹಾಕೋಣ. ಕಡಲ ಮಟ್ಟದ ಒತ್ತಡವನ್ನು 100 ಎಂದುಕೊಂಡರೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು 90. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ತುದಿಯಲ್ಲಿ, ಅಂದರೆ 1,930 ಮೀಟರ್‌ನಲ್ಲಿ, ಸುಮಾರು 80. ಲೇಹ್ ಪಟ್ಟಣದಲ್ಲಿ, 3,500 ಮೀಟರ್‌ನಲ್ಲಿ, ಸುಮಾರು 65. ಖಾರ್ದುಂಗ್ ಲಾ ಕಣಿವೆದಾರಿಯಲ್ಲಿ, 5,359 ಮೀಟರ್‌ನಲ್ಲಿ, ಸುಮಾರು 51. ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಭಾಗ ಮಾತ್ರ.

ಅಂದರೆ ಖಾರ್ದುಂಗ್ ಲಾದಲ್ಲಿ ಬೈಕ್ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವಾಗ ನೀವು ಎಳೆಯುವ ಪ್ರತಿ ಉಸಿರಿನಲ್ಲಿ ಮಂಗಳೂರಿನ ಅರ್ಧದಷ್ಟೇ ಆಮ್ಲಜನಕ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದ ಅನುಭವ ಈ ವಿಷಯದಲ್ಲಿ ಏನನ್ನೂ ಕಲಿಸಿರುವುದಿಲ್ಲ. ಪಶ್ಚಿಮ ಘಟ್ಟದ ನಮ್ಮ ಬೆಟ್ಟಗಳು ಕಾಲಿನ ಶಕ್ತಿಯನ್ನು ಚೆನ್ನಾಗಿ ಪರೀಕ್ಷಿಸುತ್ತವೆ, ನಿಜ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಅಷ್ಟು ಎತ್ತರದ ಒಂದು ಗುಡ್ಡವೂ ಕರ್ನಾಟಕದಲ್ಲಿಲ್ಲ.

ಈ ಕೊರತೆಯ ವಿಚಿತ್ರ ಏನೆಂದರೆ, ಅದು ಅನುಭವಿಸುವವರಿಗೇ ಗೊತ್ತಾಗದೆ ಹೋಗಬಹುದು. 1875ರ ಏಪ್ರಿಲ್‌ನಲ್ಲಿ ಮೂವರು ಫ್ರೆಂಚರು ಝೆನಿತ್ ಎಂಬ ಬಲೂನಿನಲ್ಲಿ ಮೇಲೇರಿದರು. ಜೊತೆಗೆ ಆಮ್ಲಜನಕ ತುಂಬಿದ ಚೀಲಗಳೂ ಇದ್ದವು. 8,000 ಮೀಟರ್ ಸಮೀಪಿಸುವಾಗ ಅವರಿಗೆ ಸಂಕಟವೇನೂ ಕಾಣಲಿಲ್ಲ. ಬದಲಿಗೆ ಒಂದು ಬಗೆಯ ಹಿತವೇ ಅನ್ನಿಸಿತು ಎಂದು ಬದುಕಿ ಬಂದ ಗಾಸ್ತೋಂ ಟಿಸಾಂಡಿಯೆ ಆಮೇಲೆ ಬರೆದ. ಚೀಲದ ಕೊಳವೆ ಬೇಕು ಎನ್ನಿಸುವ ಹೊತ್ತಿಗೆ ಕೈ ಎತ್ತಲೂ ಆಗುತ್ತಿರಲಿಲ್ಲ. ಉಳಿದಿಬ್ಬರು ಅಲ್ಲೇ ತೀರಿಕೊಂಡರು. "ನಾನು ಚೆನ್ನಾಗಿದ್ದೇನೆ" ಎನ್ನುವ ಮಾತನ್ನು ಎತ್ತರದಲ್ಲಿ ಪೂರ್ತಿ ನಂಬಬಾರದು ಎಂದು ವೈದ್ಯರು ಹೇಳುವುದು ಇದಕ್ಕೇ.

ಕಾರಣ ಗೊತ್ತಿಲ್ಲದ ಕಾಲದಲ್ಲಿ ಜನ ತಮಗೆ ಕಂಡದ್ದನ್ನೇ ಕಾರಣ ಮಾಡಿಕೊಂಡರು. ಸುಮಾರು 2,000 ವರ್ಷ ಹಿಂದಿನ ಚೀನಾದ ಹಾನ್ ರಾಜವಂಶದ ಚರಿತ್ರೆಯಲ್ಲಿ 'ದೊಡ್ಡ ತಲೆನೋವಿನ ಬೆಟ್ಟ', 'ಚಿಕ್ಕ ತಲೆನೋವಿನ ಬೆಟ್ಟ' ಎಂಬ ಹೆಸರುಗಳಿವೆ. ಗಢ್ವಾಲದ ಕಡೆಯವರು ಇದನ್ನು 'ಬಿಸ್ ಕೀ ಹವಾ' ಎಂದರು. ನಮ್ಮ 'ವಿಷ'ವೇ ಅಲ್ಲಿ 'ಬಿಸ್'. ಯಾವುದೋ ಗಿಡದ, ಹೂವಿನ ವಿಷದ ವಾಸನೆಯಿಂದ ತಲೆ ಸುತ್ತುತ್ತದೆ ಎಂಬ ನಂಬಿಕೆ ಅದು. ಕೆಟ್ಟ ವಾಸನೆಯಿಂದ ಕಾಯಿಲೆ ಎಂದು ನಂಬಿದರೆ ಒಳ್ಳೆಯ ವಾಸನೆಯೇ ಮದ್ದು ಎಂದು ಅನ್ನಿಸುವುದು ಸಹಜ.

ಹಾಗಾದರೆ ಕರ್ಪೂರ?

ಕರ್ಪೂರ ಮೂಸಿದ ಕೂಡಲೇ ಮೂಗು ತೆರೆದುಕೊಂಡಂತೆ, ಗಾಳಿ ತಣ್ಣಗೆ ಸರಾಗವಾಗಿ ಒಳಗೆ ಹೋದಂತೆ ಅನ್ನಿಸುತ್ತದೆ. ಆ ಅನುಭವ ಸುಳ್ಳಲ್ಲ. ಹಾಗಾಗಿಯೇ ಈ ನಂಬಿಕೆ ಇಷ್ಟು ಗಟ್ಟಿ. ಆದರೆ ಅಲ್ಲಿ ನಡೆಯುವುದೇ ಬೇರೆ. ಮೂಗಿನ ಒಳಪದರದಲ್ಲಿ ತಂಪನ್ನು ಗುರುತಿಸುವ ನರತುದಿಗಳಿವೆ. ಗಾಳಿ ಹರಿದಾಗ ಅಲ್ಲಿ ತಂಪಾಗುತ್ತದೆ, 'ಗಾಳಿ ಹೋಗುತ್ತಿದೆ' ಎಂದು ಮಿದುಳು ಅರ್ಥ ಮಾಡಿಕೊಳ್ಳುತ್ತದೆ. ಕರ್ಪೂರ, ಪುದೀನದ ಮೆಂಥಾಲ್, ನೀಲಗಿರಿ ಎಣ್ಣೆ ಈ ನರತುದಿಗಳನ್ನು ನೇರವಾಗಿ ಕೆಣಕುತ್ತವೆ. 1980ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಈ ಮೂರರ ಆವಿಯನ್ನು ಜನರಿಗೆ ಮೂಸಲು ಕೊಟ್ಟು, ಮೂಗಿನಲ್ಲಿ ಗಾಳಿ ಹರಿಯಲು ಇರುವ ಅಡ್ಡಿಯನ್ನು ಯಂತ್ರದಿಂದ ಅಳೆದರು. ಉಸಿರು ಸಲೀಸಾಯಿತು ಎಂದು ಜನ ಹೇಳಿದರು. ಯಂತ್ರದ ಅಳತೆಯಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ.

ಕರ್ಪೂರದ ಆವಿಯಿಂದ ರಕ್ತಕ್ಕೆ ಒಂದು ಅಣುವಿನಷ್ಟೂ ಹೆಚ್ಚು ಆಮ್ಲಜನಕ ಸೇರುವುದಿಲ್ಲ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ ಕರ್ಪೂರ, ಲವಂಗ, ಓಮದ ಪೊಟ್ಟಣದ ಸಂದೇಶ ಹರಿದಾಡಿದ್ದು ನಿಮಗೆ ನೆನಪಿರಬಹುದು. ಆಗಲೂ ಉತ್ತರ ಇದೇ ಆಗಿತ್ತು. ಜೇಬಿನಲ್ಲಿ ಇಟ್ಟುಕೊಂಡರೆ ತೊಂದರೆಯೇನಿಲ್ಲ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಪೂಜೆಯ ಕರ್ಪೂರವನ್ನು ಮಗು ನುಂಗಿದರೆ ಫಿಟ್ಸ್ ಬರಬಹುದು. ಇದಕ್ಕಿಂತ ನಮಗೆ ಆತಂಕ ತರುವ ಸಂಗತಿ ಬೇರೆ ಇದೆ. ಕರ್ಪೂರ ಮೂಸಿ 'ಈಗ ಪರವಾಗಿಲ್ಲ' ಎಂದುಕೊಂಡವರು ಇಳಿಯಬೇಕಾದ ಹೊತ್ತಿನಲ್ಲಿ ಮೇಲೇರುತ್ತಾರೆ.

ಆಕ್ಸಿಜನ್ ಕ್ಯಾನ್ ಹಾಗಲ್ಲ, ಅದರೊಳಗೆ ನಿಜವಾದ ಆಮ್ಲಜನಕವೇ ಇರುತ್ತದೆ. ಎಷ್ಟು ಎನ್ನುವುದು ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಡಿಯೋಡರೆಂಟ್ ಡಬ್ಬಿಯಂಥ ಕ್ಯಾನಿನಲ್ಲಿ 10 ಲೀಟರ್ ಇದೆ ಎಂದಿಟ್ಟುಕೊಳ್ಳೋಣ. ಆಸ್ಪತ್ರೆಯಲ್ಲಿ ರೋಗಿಗೆ ಮೂಗಿನ ಕೊಳವೆಯಲ್ಲಿ ನಿಮಿಷಕ್ಕೆ 2 ಲೀಟರ್‌ನಂತೆ ಕೊಡುವುದು ತೀರಾ ಸಾಧಾರಣ ಪ್ರಮಾಣ. ಆ ಲೆಕ್ಕದಲ್ಲಿ ಡಬ್ಬಿ 5 ನಿಮಿಷಕ್ಕೆ ಖಾಲಿ. ಎಳೆಯುವುದನ್ನು ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ರಕ್ತದ ಆಮ್ಲಜನಕ ಮೊದಲಿದ್ದಲ್ಲಿಗೇ ಇಳಿಯುತ್ತದೆ. ಎತ್ತರದ ಕಾಯಿಲೆ ಬಿದ್ದವರಿಗೆ ಬೇಕಾಗುವುದು ಗಂಟೆಗಟ್ಟಲೆಯ ಆಮ್ಲಜನಕ. ಅದಕ್ಕೆ ದೊಡ್ಡ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ ಬೇಕು. ಅಂದಹಾಗೆ ಈ ಡಬ್ಬಿಗಳನ್ನು ವಿಮಾನದಲ್ಲಿ ಒಯ್ಯಲೂ ಬಿಡುವುದಿಲ್ಲ.

ದೇಹ ತಾನೇ ಏನು ಮಾಡುತ್ತದೆ?

ಲೇಹ್‌ನಲ್ಲಿ ವಿಮಾನದಿಂದ ಇಳಿದ ಕೆಲವೇ ನಿಮಿಷಗಳಲ್ಲಿ ನಿಮ್ಮ ಉಸಿರಾಟ ಹೆಚ್ಚುತ್ತದೆ. ಕತ್ತಿನ ರಕ್ತನಾಳಗಳ ಕವಲಿನಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಅಂಗವೊಂದಿದೆ, ರಕ್ತದಲ್ಲಿ ಆಮ್ಲಜನಕ ಇಳಿದದ್ದನ್ನು ಗುರುತಿಸುವುದು ಅದೇ. 'ಬೇಗ ಬೇಗ ಉಸಿರಾಡು' ಎಂದು ಅದು ಮಿದುಳಿಗೆ ಹೇಳುತ್ತದೆ. ಎದೆಬಡಿತವೂ ಏರುತ್ತದೆ.

ಆದರೆ ಬೇಗ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಕೂಡ ಹೆಚ್ಚು ಹೊರಹೋಗುತ್ತದೆ. ಅದು ಕಡಿಮೆಯಾದರೆ ರಕ್ತ ಕ್ಷಾರೀಯವಾಗುತ್ತದೆ. ಆಗ ಮಿದುಳಿನ ಇನ್ನೊಂದು ಕಾವಲುಗಾರ 'ಸಾಕು, ನಿಧಾನ' ಎನ್ನುತ್ತದೆ. ಒಂದು ಕಾಲು ಆ್ಯಕ್ಸಿಲರೇಟರ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ. ಮೊದಲ ರಾತ್ರಿಗಳಲ್ಲಿ ಇದು ಚೆನ್ನಾಗಿ ಕಾಣಿಸುತ್ತದೆ. ಮಲಗಿದವರ ಉಸಿರು ಜೋರಾಗಿ ಏರುತ್ತದೆ, ಇಳಿಯುತ್ತದೆ, ಕೆಲವು ಸೆಕೆಂಡು ನಿಂತೇ ಹೋಗುತ್ತದೆ, ಮತ್ತೆ ಗಕ್ಕನೆ ಶುರುವಾಗುತ್ತದೆ. ಡೇರೆಯಲ್ಲಿ ಪಕ್ಕದಲ್ಲಿ ಮಲಗಿದವರು ಗಾಬರಿಯಾಗುವುದುಂಟು. ಬೇರೆ ತೊಂದರೆ ಇಲ್ಲದಿದ್ದರೆ ಇದು ಎತ್ತರದಲ್ಲಿ ಮಾಮೂಲು.

ಬ್ರೇಕಿನಿಂದ ಕಾಲು ತೆಗೆಸುವುದು ಮೂತ್ರಪಿಂಡಗಳ ಕೆಲಸ. ಅವು ಬೈಕಾರ್ಬೊನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಮತ್ತೆ ಸಮಸ್ಥಿತಿಗೆ ತರುತ್ತವೆ. ಇದಕ್ಕೆ ದಿನಗಳು ಬೇಕು. ಹೆಚ್ಚು ಕೆಂಪು ರಕ್ತಕಣಗಳು ಹುಟ್ಟಲಂತೂ ವಾರಗಳೇ ಬೇಕು. ಎತ್ತರಕ್ಕೆ ಹೊಂದಿಕೊಳ್ಳುವುದು ಎಂದರೆ ಇದೇ. ಈ ಕೆಲಸವನ್ನು ಬೇಗ ಮುಗಿಸು ಎಂದು ಮೂತ್ರಪಿಂಡಕ್ಕೆ ಹೇಳುವ ಅಡುಗೆಮನೆ ಮದ್ದು ಯಾವುದೂ ಇಲ್ಲ. ಬೆಳ್ಳುಳ್ಳಿ ಸೂಪ್ ಚಳಿಯಲ್ಲಿ ರುಚಿಯಾಗಿರುತ್ತದೆ, ಕುಡಿಯಿರಿ. ಆದರೆ ಅದು ಎತ್ತರದ ಕಾಯಿಲೆಯನ್ನು ತಡೆಯುತ್ತದೆ ಎಂಬುದಕ್ಕೆ ಮನುಷ್ಯರ ಮೇಲಿನ ಗಟ್ಟಿ ಪುರಾವೆ ಇಲ್ಲ. ನೀರೂ ಅಷ್ಟೇ. ಒಣ ಗಾಳಿಯಲ್ಲಿ ಜೋರಾಗಿ ಉಸಿರಾಡುವುದರಿಂದ ನೀರಿನಂಶ ಹೆಚ್ಚು ಕಳೆದುಹೋಗುತ್ತದೆ, ಹಾಗಾಗಿ ಮೂತ್ರ ತಿಳಿಹಳದಿ ಇರುವಷ್ಟು ನೀರು ಬೇಕು. ಅದಕ್ಕಿಂತ ಮೇಲೆ ಬಲವಂತವಾಗಿ ಕುಡಿದರೆ ರಕ್ಷಣೆ ಹೆಚ್ಚುವುದಿಲ್ಲ. ಬದಲಿಗೆ ರಕ್ತದ ಸೋಡಿಯಂ ಇಳಿದು ಹೊಸ ತೊಂದರೆ ಬರಬಹುದು.

ಗಟ್ಟಿಮುಟ್ಟಾದವರಿಗೆ ಏನೂ ಆಗುವುದಿಲ್ಲವೇ?

ಪಟ್ಟಿಯಲ್ಲಿ ನಮಗೆ ಅತಿ ಅಪಾಯಕಾರಿ ಎನ್ನಿಸಿದ್ದು ಈ ಮಾತು. ಇದನ್ನು ಸುಳ್ಳು ಮಾಡಿದ ದೊಡ್ಡ ಪುರಾವೆ ಬಂದಿದ್ದು ಭಾರತದಿಂದಲೇ.

1960ರ ದಶಕದಲ್ಲಿ, ಚೀನಾದೊಂದಿಗಿನ ಯುದ್ಧದ ಆಸುಪಾಸಿನ ವರ್ಷಗಳಲ್ಲಿ, ಬಯಲು ಸೀಮೆಯ ಸಾವಿರಾರು ಸೈನಿಕರನ್ನು ವಿಮಾನದಲ್ಲಿ ನೇರವಾಗಿ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು. ಎಲ್ಲರೂ ಎಳೆಯರು, ವೈದ್ಯಕೀಯ ಪರೀಕ್ಷೆ ದಾಟಿದವರು, ದಿನವೂ ಕವಾಯತು ಮಾಡಿದವರು. ಅವರಲ್ಲೇ ಅನೇಕರು ಹಾಸಿಗೆ ಹಿಡಿದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಹೀಗೆ ಕಾಯಿಲೆ ಬಿದ್ದ 1,925 ಸೈನಿಕರ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. ಎತ್ತರದ ಕಾಯಿಲೆಯ ಬಗ್ಗೆ ಅಷ್ಟು ದೊಡ್ಡ ಸಂಖ್ಯೆಯ ಅಧ್ಯಯನ ಅದಕ್ಕೂ ಮೊದಲು ಇರಲಿಲ್ಲ. ಇಂದಿಗೂ ಈ ಕ್ಷೇತ್ರದವರು ಅದನ್ನು ಉಲ್ಲೇಖಿಸುತ್ತಾರೆ. ಅದಕ್ಕೂ ನಾಲ್ಕು ವರ್ಷ ಮೊದಲು, 1965ರಲ್ಲಿ, ಲೇಹ್‌ನಲ್ಲಿ ಕೆಲಸ ಮಾಡಿದ್ದ ವೈದ್ಯ ಎನ್.ಡಿ. ಮೆನನ್ ಶ್ವಾಸಕೋಶದಲ್ಲಿ ನೀರು ತುಂಬಿದ 101 ರೋಗಿಗಳ ಬಗ್ಗೆ ಬರೆದಿದ್ದರು.

ಶ್ವಾಸಕೋಶದಲ್ಲಿ ನೀರು ಎಂದೆವಲ್ಲ, ಅದನ್ನು ಬಹಳ ಕಾಲ ನ್ಯುಮೋನಿಯಾ ಎಂದೇ ತಿಳಿಯಲಾಗಿತ್ತು. ಬೆಟ್ಟದಲ್ಲಿ ಸತ್ತ ಆರೋಗ್ಯವಂತ ಯುವಕರ ಬಗ್ಗೆ 'ಶೀತ ಎದೆಗೆ ಇಳಿಯಿತು' ಎನ್ನುತ್ತಿದ್ದರು. 1960ರಲ್ಲಿ ಅಮೆರಿಕದ ವೈದ್ಯ ಹಾಗೂ ಪರ್ವತಾರೋಹಿ ಚಾರ್ಲ್ಸ್ ಹ್ಯೂಸ್ಟನ್ ಆರೋಗ್ಯವಂತ ಸ್ಕೀಯಿಂಗ್ ಆಟಗಾರನೊಬ್ಬನ ಪ್ರಕರಣ ವಿವರಿಸಿ, ಇದು ಸೋಂಕಲ್ಲ, ಎತ್ತರದಿಂದಲೇ ಬರುವ ತೊಂದರೆ ಎಂದು ಪಾಶ್ಚಾತ್ಯ ವೈದ್ಯಲೋಕದ ಗಮನ ಸೆಳೆದರು.

ವ್ಯಾಯಾಮದಿಂದ ಸ್ನಾಯು ಮತ್ತು ಹೃದಯ ಬಲವಾಗುತ್ತವೆ. ಆಮ್ಲಜನಕ ಇಳಿದಾಗ ಉಸಿರಾಟ ಎಷ್ಟು ಏರಬೇಕು, ಶ್ವಾಸಕೋಶದ ರಕ್ತನಾಳ ಎಷ್ಟು ಬಿಗಿಯಬೇಕು ಎನ್ನುವುದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಜಿಮ್‌ನಲ್ಲಿ ಅದನ್ನು ಬದಲಿಸಲು ಆಗದು. ಟಿಬೆಟಿನವರನ್ನು ನೋಡಿ. ಸಾವಿರಾರು ವರ್ಷ ಎತ್ತರದಲ್ಲೇ ಬದುಕಿದ ಅವರಲ್ಲಿ ಇಪಿಎಎಸ್1 ಎಂಬ ಜೀನ್‌ನ ವಿಶೇಷ ರೂಪ ವ್ಯಾಪಕವಾಗಿದೆ. ಅದು ಡೆನಿಸೋವನ್ ಎಂಬ ಅಳಿದುಹೋದ ಮಾನವ ಬಳಗದಿಂದ ಬಂದದ್ದು ಎಂದು 2014ರಲ್ಲಿ ಗೊತ್ತಾಯಿತು. ನಮ್ಮ ಚೀಲ ಹೊತ್ತು ನಗುತ್ತ ಮುಂದೆ ಹೋಗುವ ಹಳ್ಳಿಗನ ಜೊತೆ ಸ್ಪರ್ಧೆಗಿಳಿಯುವ ಮುನ್ನ ಇದು ನೆನಪಿದ್ದರೆ ಒಳ್ಳೆಯದು.

ಗಟ್ಟಿಮುಟ್ಟಾದವರಿಗೆ ಇನ್ನೊಂದು ತೊಂದರೆಯಿದೆ. ಅವರು ಬೇಗ ಮೇಲೇರಬಲ್ಲರು. ಮೊಣಕಾಲು ನೋವಿನ ಚಿಕ್ಕಪ್ಪ ದಾರಿಯಲ್ಲಿ ಕೂತು ಕೂತು ಬರುವುದರಿಂದ ದೇಹಕ್ಕೆ ಸಮಯ ಸಿಗುತ್ತದೆ. ಓಡುವ ಅಣ್ಣನ ಮಗನಿಗೆ ಸಿಗುವುದಿಲ್ಲ.

ತಲೆನೋವು ಯಾವಾಗ ಬರೀ ತಲೆನೋವಲ್ಲ?

ಸಾಮಾನ್ಯ ಎತ್ತರದ ಕಾಯಿಲೆ ಮೇಲೆ ತಲುಪಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ಶುರುವಾಗುತ್ತದೆ. ತಲೆನೋವು, ಹೊಟ್ಟೆ ತೊಳೆಸು, ಊಟ ಬೇಡ ಅನ್ನಿಸುವುದು, ಸುಸ್ತು, ತಲೆಸುತ್ತು. ಹಿಂದಿನ ರಾತ್ರಿ ಹೆಚ್ಚು ಕುಡಿದವರ ಬೆಳಗ್ಗೆಯ ಸ್ಥಿತಿಯಂತೆಯೇ ಇರುತ್ತದೆ. ಇಲ್ಲಿ ನಿಯಮ ಸರಳ: ಎತ್ತರದಲ್ಲಿ ಹೊಸದಾಗಿ ತಲೆನೋವು ಬಂದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದು ಎತ್ತರದ್ದೇ. 'ಬಿಸಿಲು', 'ಬಸ್ಸಿನ ವಾಂತಿ', 'ನಿನ್ನೆಯ ಮೊಮೊ' ಎಂದೆಲ್ಲ ಕಾರಣ ಹುಡುಕುವುದು ಬೇಡ. ಅಲ್ಲೇ ನಿಂತು ಒಂದೆರಡು ದಿನ ವಿಶ್ರಾಂತಿ ಪಡೆದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಕಡಿಮೆಯಾಗದಿದ್ದರೆ ಇಳಿಯಬೇಕು. ಇಷ್ಟನ್ನು ಗುರುತಿಸದೆ ಮೇಲೇರಿದರೆ ಎರಡು ಗಂಭೀರ ತೊಂದರೆಗಳು ಕಾದಿರುತ್ತವೆ.

ಒಂದು, ಆಗಲೇ ಹೇಳಿದ ಶ್ವಾಸಕೋಶದ ನೀರು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ. ಆದರೆ ಎಲ್ಲವೂ ಒಂದೇ ಸಮ ಬಿಗಿಯುವುದಿಲ್ಲ. ಬಿಗಿಯದೆ ಉಳಿದ ಕಡೆಗೆ ರಕ್ತ ನುಗ್ಗಿ, ಕೂದಲಿಗಿಂತ ತೆಳುವಾದ ನಾಳಗಳು ಒತ್ತಡ ತಾಳದೆ ಸೋರುತ್ತವೆ. ಎರಡರಿಂದ ನಾಲ್ಕನೆಯ ದಿನ, ಹೆಚ್ಚಾಗಿ ರಾತ್ರಿ, ಇದು ತೋರುತ್ತದೆ. ಮೊದಲ ಗುರುತು ಎಂದರೆ ನಿನ್ನೆ ಹತ್ತಿದ ದಾರಿಯಲ್ಲಿ ಇವತ್ತು ಹೆಜ್ಜೆ ಇಡಲಾಗದಿರುವುದು. ಆಮೇಲೆ ಕೂತಾಗಲೂ ಏದುಸಿರು, ಒಣಕೆಮ್ಮು, ಕೊನೆಗೆ ನೊರೆ ಅಥವಾ ನಸುಗೆಂಪು ಕಫ. ಗಮನಿಸಿ, ಇದು ಬರಲು ಮೊದಲು ತಲೆನೋವು ಇರಲೇಬೇಕೆಂದಿಲ್ಲ.

ಇನ್ನೊಂದು ಮಿದುಳಿನ ಊತ. ತಲೆನೋವಿನ ಜೊತೆ ಗೊಂದಲ, ತೊದಲು, ಅಕಾರಣ ಸಿಟ್ಟು ಅಥವಾ ಮಂಕುತನ, ತಡೆಯಲಾಗದ ನಿದ್ದೆ. ಪರೀಕ್ಷೆಗೆ ಯಾವ ಉಪಕರಣವೂ ಬೇಡ. ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನಡೆಯಲು ಹೇಳಿ. ತೂರಾಡಿದರೆ ಬೆಳಗಾಗುವವರೆಗೆ ಕಾಯಬಾರದು. ಇವೆರಡೂ ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲವು. ಎರಡಕ್ಕೂ ಮೊದಲ ಚಿಕಿತ್ಸೆ ಒಂದೇ, ಕೆಳಗೆ ಇಳಿಸುವುದು. 300ರಿಂದ 1,000 ಮೀಟರ್ ಇಳಿದರೂ ಸಾಕಷ್ಟು ಜನ ಕಣ್ಣೆದುರೇ ಚೇತರಿಸಿಕೊಳ್ಳುತ್ತಾರೆ. ಜೊತೆಗೊಬ್ಬರು ಇರಲೇಬೇಕು. ಕಾಯಿಲೆ ಬಿದ್ದವರನ್ನು 'ನೀನು ಡೇರೆಯಲ್ಲೇ ಮಲಗಿರು, ನಾವು ಸಂಜೆ ಬರುತ್ತೇವೆ' ಎಂದು ಬಿಟ್ಟು ಹೋಗುವುದಕ್ಕಿಂತ ಕೆಟ್ಟ ನಿರ್ಧಾರ ಇನ್ನೊಂದಿಲ್ಲ.

ಈಗ ಎಲ್ಲರ ಬಳಿಯೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ. ಲೇಹ್‌ನಲ್ಲಿ ಮೊದಲ ದಿನ ಅದು 90ರ ಆಸುಪಾಸು ಅಥವಾ ಸ್ವಲ್ಪ ಕೆಳಗೆ ತೋರಿಸಿದರೆ ಗಾಬರಿ ಬೇಡ, ಅಲ್ಲಿ ಅದು ಸಾಮಾನ್ಯ. ಬೆರಳು ತಣ್ಣಗಿದ್ದರೆ ಅಂಕಿ ತಪ್ಪುವುದೂ ಉಂಟು. ಅಂಕಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ತೂರಾಡುವವರನ್ನು ಮೇಲೆ ಕರೆದೊಯ್ಯಬಾರದು.

ಐದು ರಾತ್ರಿ, ಆರು ಹಗಲು

ತಜ್ಞರ ಸಲಹೆ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಅಲ್ಲೇ ಉಳಿಯಿರಿ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಬಹುದು, ಏಕೆಂದರೆ ಮಲಗಿದಾಗ ಉಸಿರಾಟ ಇಳಿಯುವುದರಿಂದ ರಾತ್ರಿಯ ಎತ್ತರವೇ ಮುಖ್ಯ.

ಈಗ ನಮ್ಮ ಪ್ರವಾಸಗಳನ್ನು ಇದರ ಪಕ್ಕ ಇಡಿ. ಬೆಂಗಳೂರಿನಿಂದ ದೆಹಲಿಗೆ, ಅಲ್ಲಿಂದ ಬೆಳಗಿನ ವಿಮಾನದಲ್ಲಿ ಲೇಹ್‌ಗೆ. ಅರ್ಧ ದಿನದೊಳಗೆ 920 ಮೀಟರ್‌ನಿಂದ 3,500 ಮೀಟರ್. ಮರುದಿನವೇ ಖಾರ್ದುಂಗ್ ಲಾ. ಅದರ ಮರುದಿನ 4,200 ಮೀಟರ್ ಮೀರಿದ ಪ್ಯಾಂಗಾಂಗ್ ಸರೋವರದ ದಡದಲ್ಲಿ ಡೇರೆ. ಶನಿವಾರ, ಭಾನುವಾರ ಸೇರಿಸಿ ಸಿಕ್ಕ ರಜೆಗೆ ಹೊಂದುವಂತೆ ಕತ್ತರಿಸಿದ ಕಾರ್ಯಕ್ರಮ ಇದು. ಮೂತ್ರಪಿಂಡಕ್ಕೆ ನಮ್ಮ ರಜೆಯ ಲೆಕ್ಕ ಗೊತ್ತಿಲ್ಲ. ವಿಮಾನದಲ್ಲಿ ಹೋದರೆ ಮೊದಲ ಎರಡು ದಿನ ಲೇಹ್‌ನಲ್ಲೇ ಸುಮ್ಮನಿರಬೇಕು. 'ದುಡ್ಡು ಕೊಟ್ಟು ಹೋಗಿ ಹೋಟೆಲಿನಲ್ಲಿ ಮಲಗುವುದೇ' ಎಂದು ಕೇಳುವವರಿಗೆ ನಮ್ಮ ಉತ್ತರ, ಹೌದು.

ರಸ್ತೆಯಲ್ಲಿ ಹೋಗುವವರಿಗೂ ಆಯ್ಕೆ ಇದೆ. ಶ್ರೀನಗರದ ದಾರಿಯಲ್ಲಿ ರಾತ್ರಿ ತಂಗುವ ಕಾರ್ಗಿಲ್ ಸುಮಾರು 2,700 ಮೀಟರ್. ಏರಿಕೆ ನಿಧಾನ. ಮನಾಲಿಯ ದಾರಿಯಲ್ಲಿ 2,050 ಮೀಟರ್‌ನಿಂದ ಹೊರಟು ಅದೇ ರಾತ್ರಿ ಸರ್ಚುವಿನಲ್ಲಿ ಮಲಗುವವರಿದ್ದಾರೆ. ಸರ್ಚು ಸುಮಾರು 4,300 ಮೀಟರ್. ಅಲ್ಲಿ ರಾತ್ರಿಯಿಡೀ ತಲೆ ಹಿಡಿದು ಕೂತವರ ಕಥೆಗಳು ಬೈಕ್ ಗುಂಪುಗಳಲ್ಲಿ ಹೇರಳ. ನಡುವೆ ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಒಂದೆರಡು ರಾತ್ರಿ ಕಳೆದರೆ ಅಪಾಯ ಬಹಳ ತಗ್ಗುತ್ತದೆ. ಹೆಲಿಕಾಪ್ಟರ್‌ನಲ್ಲಿ ಕೆಲವೇ ನಿಮಿಷಗಳಲ್ಲಿ 3,583 ಮೀಟರ್‌ನ ಕೇದಾರನಾಥಕ್ಕೆ ಇಳಿಯುವ ಹಿರಿಯರ ವಿಷಯದಲ್ಲೂ ಇದೇ ಎಚ್ಚರ ಬೇಕು. ನಡೆಯುವ ಶ್ರಮ ತಪ್ಪಿತೇ ಹೊರತು ಎತ್ತರ ತಪ್ಪಲಿಲ್ಲ.

ಹಾನ್ಲೆಯ ಕತ್ತಲ ಆಕಾಶ ನೋಡಲು ಹೋಗುವ ಕನ್ನಡಿಗರು ಈಚೆಗೆ ಹೆಚ್ಚುತ್ತಿದ್ದಾರೆ. ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯ ಕೇಂದ್ರದಿಂದ. ಖಗೋಳ ವಿಜ್ಞಾನಿಗಳೇ ಬಯಲಿನಲ್ಲಿ ಕೂತು ಕೆಲಸ ಮಾಡುವಂಥ ಜಾಗಕ್ಕೆ ನಾವು ಮೂರನೇ ದಿನವೇ ನುಗ್ಗುವುದು ಬೇಡ.

ಡೈಯಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಝೋಲಮೈಡ್ ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತದೆ. ಬೈಕಾರ್ಬೊನೇಟನ್ನು ಬೇಗ ಹೊರಹಾಕಿಸಿ, ಆ ಬ್ರೇಕನ್ನು ಸಡಿಲಿಸುವುದು ಅದರ ಕೆಲಸ. ಅದು ಲಕ್ಷಣಗಳನ್ನು ಮುಚ್ಚಿಡುತ್ತದೆ ಎಂಬ ಮಾತು ತಪ್ಪು. ದೇಹ ತಾನೇ ಮಾಡುವ ಕೆಲಸವನ್ನು ಅದು ಚುರುಕುಗೊಳಿಸುತ್ತದೆ ಅಷ್ಟೇ. ತಡೆಗಾಗಿ ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚುತ್ತದೆ, ಸೋಡಾ ಸಪ್ಪೆಯಾಗುತ್ತದೆ. ಸಲ್ಫಾ ಔಷಧಿ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಜಾಗ್ರತೆ. ಯಾರೇ ಆಗಲಿ, ಊರು ಬಿಡುವ ಮೊದಲು ವೈದ್ಯರನ್ನು ಕಂಡೇ ತೆಗೆದುಕೊಳ್ಳಬೇಕು. ಮಾತ್ರೆ ನುಂಗಿದ್ದೇನೆ ಎಂದು ಕಾಯಿಲೆಯ ಲಕ್ಷಣಗಳಿದ್ದರೂ ಏರುವಂತಿಲ್ಲ.

ಚಳಿಗೆ ರಮ್

ಕುಡಿದಾಗ ಬೆಚ್ಚಗಾಗುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ಒಡಲಿನ ಬಿಸಿ ರಕ್ತ ಚರ್ಮಕ್ಕೆ ಬಂದು ಅಲ್ಲಿಂದ ಶಾಖ ಹೊರಗೆ ಹೋಗುತ್ತದೆ. ಅಂದರೆ ಬೆಚ್ಚಗೆ ಅನ್ನಿಸುವ ಹೊತ್ತಿನಲ್ಲೇ ದೇಹ ತಣ್ಣಗಾಗುತ್ತಿರುತ್ತದೆ. ಮದ್ಯ ನಿದ್ದೆಯಲ್ಲಿ ಉಸಿರಾಟವನ್ನೂ ತಗ್ಗಿಸುತ್ತದೆ, ತೀರಾ ಬೇಕಾದ ಸಮಯದಲ್ಲಿ. ಕೊರಳಿಗೆ ಬ್ರಾಂಡಿ ಪೀಪಾಯಿ ಕಟ್ಟಿಕೊಂಡ ಸೇಂಟ್ ಬರ್ನಾರ್ಡ್ ನಾಯಿಯ ಚಿತ್ರ ನೋಡಿರುತ್ತೀರಿ. ಅದು 1820ರಲ್ಲಿ ಎಡ್ವಿನ್ ಲ್ಯಾಂಡ್ಸೀಯರ್ ಎಂಬ ಹದಿಹರೆಯದ ಇಂಗ್ಲಿಷ್ ಚಿತ್ರಕಾರ ಬಿಡಿಸಿದ ಚಿತ್ರದಿಂದ ಹಬ್ಬಿದ ಕಲ್ಪನೆ.

ಚಳಿಯನ್ನು ನಾವು ಎತ್ತರಕ್ಕಿಂತ ಹಗುರವಾಗಿ ನೋಡುತ್ತೇವೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ತ್ರ ತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡ 4,000 ಮೀಟರ್ ಮೀರಿದ ಎತ್ತರದಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಮರಳಿ ಬರಲಿಲ್ಲ. ಅವರಲ್ಲಿ ಚಾರಣದ ಅನುಭವ ಇದ್ದವರೂ ಇದ್ದರು. ಬಯಲಿನಲ್ಲಿ ಬೇಸಿಗೆಯಾದ ಜೂನ್ ತಿಂಗಳು ಅಲ್ಲಿ ಒಂದೇ ಮಧ್ಯಾಹ್ನದಲ್ಲಿ ಚಳಿಗಾಲವಾಗಬಲ್ಲದು.

ದೇಹದ ಒಳಗಿನ ಉಷ್ಣತೆ 37ರಿಂದ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಅಂತರ ಎರಡೇ ಡಿಗ್ರಿ. ಹೊರಗೆ ಸೊನ್ನೆ ಡಿಗ್ರಿ ಇದ್ದು, ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 7ರಂತೆ. ಬಟ್ಟೆ ಒದ್ದೆಯಾದರೆ ಇನ್ನೂ ಕಷ್ಟ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಹತ್ತಿ ಬಟ್ಟೆ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮೈಗೆ ತಾಗುವ ಪದರಕ್ಕೆ ಉಣ್ಣೆ ಅಥವಾ ಸಿಂಥೆಟಿಕ್, ಹೊರಗೆ ಗಾಳಿ ಮತ್ತು ನೀರು ತಡೆಯುವ ಪದರ. ನಡುಕ ಶುರುವಾದಾಗಲೇ ಒದ್ದೆ ಬಟ್ಟೆ ಬದಲಿಸಿ, ಗಾಳಿಯಿಂದ ಮರೆಗೆ ಹೋಗಿ, ಸಿಹಿ ಏನಾದರೂ ತಿನ್ನಬೇಕು. ನಡುಕ ತಾನಾಗಿ ನಿಂತು ಮಾತು ತೊದಲುತ್ತಿದ್ದರೆ ಅದು ಚೇತರಿಕೆಯಲ್ಲ, ದೇಹ ಸೋಲುತ್ತಿದೆ. ಆ ಹಂತದಲ್ಲಿ ಕೆಲವರು ಸೆಕೆಯೆಂದು ಬಟ್ಟೆ ಕಿತ್ತೆಸೆಯುವುದೂ ಉಂಟು.

ಕೊನೆಯದಾಗಿ, ಪಟ್ಟಿಯಲ್ಲಿ ಇಲ್ಲದಿದ್ದರೂ ಜನರ ಬಾಯಲ್ಲಿರುವ ಒಂದು ಮಾತು: 'ಹೋದ ವರ್ಷ ಹೋಗಿ ಬಂದೆ, ಏನೂ ಆಗಲಿಲ್ಲ, ನನಗೆ ಅಭ್ಯಾಸವಾಗಿದೆ.' ಎತ್ತರಕ್ಕೆ ದೇಹ ಮಾಡಿಕೊಂಡ ಹೊಂದಾಣಿಕೆ ಬಯಲಿಗೆ ಇಳಿದ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಎತ್ತರದಲ್ಲೇ ಹುಟ್ಟಿ ಬೆಳೆದವರಲ್ಲೂ ಕೆಲವರು ಬಯಲಿನಲ್ಲಿ ಸ್ವಲ್ಪ ಕಾಲ ಇದ್ದು ಊರಿಗೆ ಮರಳಿದಾಗ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದ್ದಾರೆ. ಹಿಂದಿನ ಸಲ ತೊಂದರೆ ಆಗಿದ್ದವರಿಗೆ ಮತ್ತೆ ಆಗುವ ಸಾಧ್ಯತೆ ಹೆಚ್ಚು, ಅವರು ವೈದ್ಯರಿಗೆ ಅದನ್ನು ಹೇಳಲೇಬೇಕು. ಆಗದಿದ್ದವರು ಈ ವರ್ಷವೂ ಲೇಹ್‌ನ ಮೊದಲ ಎರಡು ದಿನ ಹೋಟೆಲಿನಲ್ಲೇ ಇರಬೇಕು.